ಅಗಸೆ ಎಣ್ಣೆಯ ಬಟ್ಟೆಗಳು

ಫೆಬ್ರವರಿ ೯, ಸೋಮವಾರ ಸಂಜೆ

ಪ್ರೀತಿಯ ಚಿಕ್ಕಪ್ಪನಿಗೆ ನಿಮ್ಮ ಮೊಳೆಯ ನಮಸ್ಕಾರಗಳು.

ಬರೆದದ್ದಕ್ಕೇ ಮೊದಲು ಕ್ಷಮಿಸಿ. ಆರು ವರ್ಷ ಬರೆಯದೆ ಇದ್ದದ್ದಕ್ಕೂ ಕ್ಷಮೆ ಕೇಳಬೇಕು, ಅದನ್ನು ಆಮೇಲೆ ಕೇಳುತ್ತೇನೆ. 'ಅಣ್ಣನ ಮನೆಯಿಂದ ನನಗೆ ಒಂದು ಚೀಟಿಯೂ ಬರೋದು ಬೇಡ' ಎಂದು ನೀವು ಹೇಳಿ ಹೋದದ್ದು ನನಗೆ ನೆನಪಿದೆ. ಆದರೆ ಇದು ಅಪ್ಪನ ಮನೆಯಿಂದ ಬಂದದ್ದಲ್ಲ, ಕಾಲೇಜು ಹಾಸ್ಟೆಲಿನಿಂದ ಬಂದದ್ದು. ಟೆಕ್ನಿಕಲಿ ನಾನು ನಿಮ್ಮ ಮಾತು ಮೀರಿಲ್ಲ.

ವಿಳಾಸ ಕೊಟ್ಟದ್ದು ಅಜ್ಜಿ. ನೀವು ದೋಣಿ ರಿಪೇರಿ ಮಾಡುವ ಜಾಗದಲ್ಲಿ ಪಾಲಿಶ್ ಕೆಲಸಕ್ಕಿದ್ದೀರಿ ಎಂದು ವಿಳಾಸದ ಜೊತೆ ಬರೆದ ಒಂದು ಚೀಟಿಯನ್ನು ಕನ್ನಡಕದ ಡಬ್ಬಿಯೊಳಗೆ, ಒರೆಸುವ ಬಟ್ಟೆಯ ಅಡಿಯಲ್ಲಿ ಇಟ್ಟುಕೊಂಡಿದ್ದಾಳೆ. ಕನ್ನಡಕ ಒರೆಸುವಾಗೆಲ್ಲ ಒಮ್ಮೆ ಓದಿಕೊಳ್ಳುತ್ತಾಳಂತೆ. ಅದಕ್ಕೇ ಅವಳ ಕನ್ನಡಕ ದಿನಕ್ಕೆ ಹತ್ತು ಸಲ ಕೊಳೆಯಾಗುತ್ತದೆ. ಚೀಟಿಯಲ್ಲಿ ಫೋನ್ ನಂಬರೂ ಇತ್ತು. ಆದರೆ ಫೋನ್ ಮಾಡಿದರೆ ನಾನು ಹಲೋ ಅನ್ನುವ ಮೊದಲೇ ಅಳುತ್ತೇನೆ, ನೀವು 'ಹೂಂ, ಸರಿ, ಇಡ್ತೀನಿ' ಅಂದುಬಿಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ನನ್ನ ಕನ್ನಡ ನೋಡಿ ನಗಬೇಡಿ. ಏಳು ವರ್ಷ ಹಾಸ್ಟೆಲಿನಲ್ಲಿ ಬೆಳೆದವಳ ಕನ್ನಡ ಇದು. ಅರ್ಧ ಇಂಗ್ಲಿಷು, ಅರ್ಧ ಗಾಬರಿ.

ಯಾಕೆ ಬರೆಯುತ್ತಿದ್ದೇನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಕೈಕೊಡುತ್ತದೆ. ನಮ್ಮ ಮರಗೆಲಸದ ವರ್ಕ್‌ಶಾಪು ಸುಟ್ಟುಹೋದ ದಿನದ ಬಗ್ಗೆ ನನಗೊಂದು ವಿಷಯ ತಿಳಿದಿದೆ. ಆ ಬೆಂಕಿ ನಿಮ್ಮ ಸಿಗರೇಟಿನಿಂದ ಹತ್ತಿದ್ದಲ್ಲ. ಅಪ್ಪ ಆರು ವರ್ಷದಿಂದ ನಿಮ್ಮ ಹೆಸರೆತ್ತದೆ ಇರುವುದು, ನೀವು ಈ ಕಡೆ ತಲೆ ಹಾಕದೆ ಇರುವುದು, ಅಜ್ಜಿ ಕನ್ನಡಕ ಒರೆಸುತ್ತ ಕೂತಿರುವುದು, ಎಲ್ಲವೂ ಒಂದು ಸಿಗರೇಟಿನ ತುಂಡಿನ ಮೇಲೆ ನಿಂತಿದೆಯಲ್ಲ, ಆ ತುಂಡು ನಿರಪರಾಧಿ. ನೀವು ಮನೆಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ಉಸಿರು ಬಿಟ್ಟೆ. ಈಗ ಸ್ವಲ್ಪ ಕಾಲೇಜಿನ ಸುದ್ದಿ.

ನಾನು ಕೆಮಿಸ್ಟ್ರಿ ತೆಗೆದುಕೊಂಡೆ. ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. 'ಬೆಂಕಿ ಕಂಡ ಮನೆ ನಮ್ದು. ನೀನು ಹೋಗಿ ಅದರ ಜೊತೆ ನೆಂಟಸ್ತನ ಬೆಳೆಸ್ತೀಯಾ? ಗಣಿತ ತಗೋ, ಅದು ಯಾರನ್ನೂ ಸುಡಲ್ಲ' ಅಂದರು. ಅಪ್ಪ ಗಣಿತದ ಪರೀಕ್ಷೆ ಬರೆದಿಲ್ಲ, ಅದಕ್ಕೇ ಹಾಗಂದರು. ನನಗೂ ಬೆಂಕಿ ಅಂದರೆ ಜೀವ ಬಾಯಿಗೆ ಬರುತ್ತದೆ. ಹೆದರಿಸುವ ನಾಯಿಯ ಹೆಸರು ತಿಳಿದುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ ಅಂತ ನೀವೇ ಹೇಳುತ್ತಿದ್ದಿರಿ. ಆ ಮಾತು ನಂಬಿ ಬಂದೆ. ಮೊದಲ ವಾರ ಬರ್ನರ್ ಹಚ್ಚಲು ಹೋಗಿ ಮೂರು ಕಡ್ಡಿ ಮುರಿದೆ, ನಾಲ್ಕನೆಯದನ್ನು ಪಕ್ಕದವನ ಕೈಗೆ ಕೊಟ್ಟೆ.

ಪಕ್ಕದವನ ಹೆಸರು ಗಂಬೂಟು. ಅಮ್ಮ ಅಪ್ಪ ಇಟ್ಟದ್ದಲ್ಲ, ನಾವಿಟ್ಟದ್ದು. ಮೊದಲ ದಿನ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಬಂದ. ಬೆರಳು ಕಾಣುವ ಕಾಲಿಗೆ ಲ್ಯಾಬಿನಲ್ಲಿ ಪ್ರವೇಶವಿಲ್ಲ, ಆಸಿಡ್ ಬಿದ್ದರೆ ಮೊದಲು ಬೀಳುವುದೇ ಕಾಲ ಮೇಲೆ. ಅವನಿಗೆ ವಾಚ್‌ಮನ್‌ನ ರಬ್ಬರ್ ಬೂಟು ತೊಡಿಸಿದರು. ಎರಡು ಸೈಜು ದೊಡ್ಡದು. ಅವನೊಬ್ಬ ನಡೆದರೆ ಇಬ್ಬರು ನಡೆದ ಸದ್ದು.

ತೊಡಿಸಿದವರು ಬಕೆಟಮ್ಮ. ನಮ್ಮ ಲ್ಯಾಬನ್ನು ಪ್ರೊಫೆಸರು ನಡೆಸುತ್ತಾರೆ ಅಂತ ಬೋರ್ಡಿನ ಮೇಲೆ ಬರೆದಿದೆ. ನಿಜವಾಗಿ ನಡೆಸುವವರು ಬಕೆಟಮ್ಮ, ಮೂವತ್ತು ವರ್ಷದಿಂದ ಲ್ಯಾಬ್ ಅಸಿಸ್ಟೆಂಟು. ಎದುರಿಗೆ ಮೇಡಂ ಅನ್ನುತ್ತೇವೆ. ಪ್ರತಿ ಬಾಗಿಲ ಬಳಿ ಮರಳು ತುಂಬಿದ ಎರಡು ಕೆಂಪು ಬಕೆಟ್ ಇಟ್ಟಿದ್ದಾರೆ. ಯಾರಾದರೂ ಅದರಲ್ಲಿ ಚ್ಯೂಯಿಂಗ್ ಗಮ್ ಉಗುಳಿದರೆ, ಅದು ಯಾರ ಹಲ್ಲಿನದು ಅಂತ ಪತ್ತೆಯಾಗುವ ತನಕ ಪಾಠ ಇಲ್ಲ. ಪ್ರೊಫೆಸರೇ ಅವರಿಗೆ ಹೆದರುತ್ತಾರೆ. ಒಮ್ಮೆ ಕೈಯಲ್ಲಿ ಕಾಫಿ ಕಪ್ ಹಿಡಿದು ಒಳಗೆ ಬಂದವರು, ಬಕೆಟಮ್ಮನನ್ನು ಕಂಡು ಹಾಗೇ ಹಿಂದೆ ಹಿಂದೆ ನಡೆದು ಹೊರಗೆ ಹೋದರು. ತಿರುಗಲೂ ಇಲ್ಲ.

ಅವರ ಮೊದಲ ಪರೀಕ್ಷೆ ಕೇಳಿ. 'ಎಲ್ಲರೂ ಕಣ್ಣು ಮುಚ್ಚಿ. ಕಣ್ಣಿಗೆ ಆಸಿಡ್ ಹಾರಿದೆ ಅಂದ್ಕೊಳ್ಳಿ. ಈಗ ಕಣ್ಣು ತೊಳ್ಕೊಳ್ಳೋ ನಲ್ಲಿಗೆ ಹೋಗಿ.' ನಾನು ಗ್ಯಾಸಿನ ಕೊಳಾಯಿ ಹಿಡಿದು ನಿಂತೆ. ಗಂಬೂಟು ಧಡಬಡ ಧಡಬಡ ನಡೆದು ಪ್ರೊಫೆಸರ ಕೋಟು ತೂಗುಹಾಕಿದ ಗೂಟವನ್ನು ತಬ್ಬಿಕೊಂಡು 'ಸಾರಿ ಸರ್' ಅಂದ. ನಾನು ಕೇಳಿದೆ, 'ಮೇಡಂ, ನಿಜವಾಗ್ಲೂ ಆಸಿಡ್ ಹಾರಿದ್ರೆ ಪಕ್ಕದವರು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾರಲ್ಲ?'

'ಹೋಗ್ತಾರಮ್ಮ. ಆದ್ರೆ ಆವತ್ತು ನಿನ್ನ ಪಕ್ಕ ಇರೋನು ಇವನೇ ತಾನೆ?'

ಆಮೇಲೆ ನಾನು ಲೆಕ್ಕ ಹಾಕಿಕೊಂಡೆ. ನನ್ನ ಮೇಜಿನಿಂದ ಹನ್ನೊಂದು ಹೆಜ್ಜೆ, ಬಲಕ್ಕೆ ತಿರುಗಿ ಮೂರು. ಈಗ ನಿದ್ದೆಯಲ್ಲೂ ಹೋಗುತ್ತೇನೆ.

ಲ್ಯಾಬಿನಲ್ಲಿ ಇನ್ನೊಂದು ಪದ್ಧತಿ ಇದೆ. ಬಾಗಿಲ ಬಳಿ ದಪ್ಪ ರಟ್ಟಿನ ಒಂದು ಪುಸ್ತಕ, ಅದಕ್ಕೆ ಬಚಾವ್ ಪುಸ್ತಕ ಅಂತ ಹೆಸರು. ಅನಾಹುತ ಆಗುವುದರಲ್ಲಿತ್ತು, ಕೂದಲೆಳೆಯಲ್ಲಿ ತಪ್ಪಿತು ಅನ್ನುವಂಥದ್ದನ್ನೆಲ್ಲ, ಯಾರಿಂದ ಆಯಿತೋ ಅವರೇ ತಮ್ಮ ಹೆಸರು ಹಾಕಿ ಅದರಲ್ಲಿ ಬರೆಯಬೇಕು. ಸೋಮವಾರ ಬೆಳಗ್ಗೆ ಬಕೆಟಮ್ಮ ಅದನ್ನು ಎಲ್ಲರೆದುರು ಓದುತ್ತಾರೆ. ಬರೆದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು, ಹೊರಗಿನ ಜಗಲಿಯಲ್ಲಿ ಬಕೆಟಮ್ಮನ ಫ್ಲಾಸ್ಕಿನಿಂದ ಟೀ. 'ಬರೆದೋರನ್ನ ಬೈಯಲ್ಲ, ಬಚ್ಚಿಟ್ಟೋರನ್ನ ಬಿಡಲ್ಲ' ಅನ್ನುವುದು ಅವರ ಕಾನೂನು. ಹಳೆಯ ಪುಟಗಳಲ್ಲಿ ಪ್ರೊಫೆಸರ ಕೈಬರಹವೂ ಇದೆ, ಅವರು ಸ್ಟೂಡೆಂಟಾಗಿದ್ದಾಗಿನದು: 'ನನ್ನ ಟೈ ಬರ್ನರಿಗೆ ತಾಗಿತು. ಟೈ ಹೋಯಿತು. ನಾನು ಇದ್ದೇನೆ.' ಗಂಬೂಟು ಒಂದೇ ತಿಂಗಳಲ್ಲಿ ನಾಲ್ಕು ಸಲ ಬರೆದಿದ್ದಾನೆ. ಟೀಗೋಸ್ಕರ ಅಂತ ನಮ್ಮ ಅನುಮಾನ.

ಊಟದ ಬೆಲ್ ಹೊಡೆಯಿತು. ಉಳಿದದ್ದು ನಾಳೆ.

ಫೆಬ್ರವರಿ ೧೨, ಗುರುವಾರ

ನಾಳೆ ಅಂದವಳು ಮೂರು ದಿನ ಕಾಗದವನ್ನು ದಿಂಬಿನ ಕೆಳಗೆ ಇಟ್ಟು ಮಲಗಿದೆ. ನೀವು ಇದ್ದಿದ್ದರೆ, 'ಮೊಳೆ, ತಲೆ ಮೇಲೆ ಸುತ್ತಿಗೆ ಬೀಳೋ ತನಕ ಒಳಗೆ ಇಳಿಯಲ್ವಲ್ಲ ನೀನು' ಅನ್ನುತ್ತಿದ್ದಿರಿ. ಇಗೋ, ಇಳಿಯುತ್ತಿದ್ದೇನೆ.

ನಮ್ಮ ಲ್ಯಾಬಿನ ಮೇಜುಗಳು ಹಳೆಯ ಕಾಲದ ಮರದವು. ವರ್ಷಕ್ಕೊಮ್ಮೆ ಅವಕ್ಕೆ ಅಗಸೆ ಎಣ್ಣೆ ತಿಕ್ಕುತ್ತಾರೆ. ಹೋದ ವಾರದ ಬುಧವಾರ ಬೆಳಗ್ಗೆ ಫಸ್ಟ್ ಇಯರಿನವರೆಲ್ಲ ಸೇರಿ ತಿಕ್ಕಿದೆವು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ನನಗೆ ನಿಮ್ಮ ಅಂಗಿಯ ತೋಳಿನ ವಾಸನೆ ಬಂತು. ನೀವು ಕಲಿಸಿದ ಹಾಗೆ ಮರದ ಎಳೆಯ ಉದ್ದಕ್ಕೆ ತಿಕ್ಕಿದೆ. ಗಂಬೂಟು ಅಡ್ಡಡ್ಡ ಉಜ್ಜುತ್ತಿದ್ದ.

'ಏಯ್, ಬೆಕ್ಕಿನ ಬೆನ್ನು ಸವರೋ ಹಾಗೆ ತಿಕ್ಕು. ಎದುರುಗೂದಲಿಗೆ ಸವರಿದ್ರೆ ಪರಚುತ್ತೆ' ಅಂದೆ.

'ಇದೆಲ್ಲ ನಿಂಗೆ ಯಾರು ಹೇಳ್ಕೊಟ್ಟಿದ್ದು?'

'ನಮ್ಮ ಚಿಕ್ಕಪ್ಪ.'

ಆ ಪದವನ್ನು ನಾನು ಗಟ್ಟಿಯಾಗಿ ಹೇಳಿ ಎಷ್ಟು ವರ್ಷವಾಗಿತ್ತೋ. ಖುಷಿಯಾಗಿ ಇನ್ನೊಂದು ಮೇಜಿಗೂ ಎಣ್ಣೆ ತಿಕ್ಕಿದೆ.

ಕೆಲಸ ಮುಗಿದ ಮೇಲೆ ಬಕೆಟಮ್ಮ ಎಣ್ಣೆಬಟ್ಟೆಗಳನ್ನೆಲ್ಲ ಹಿಂದಿನ ಅಂಗಳದ ಕಂಬಿಯ ಮೇಲೆ ಒಂದೊಂದಾಗಿ ಹರವಿದರು. ಇಪ್ಪತ್ತೆರಡು ಬಟ್ಟೆ. ಆವತ್ತೇ ಮೂರು ಗಂಟೆಗೆ ಯಾರೋ ದೊಡ್ಡವರು ಕಾಲೇಜು ನೋಡಲು ಬರುವವರಿದ್ದರು. ಬಕೆಟಮ್ಮ ಆಫೀಸಿಗೆ ಹೋದರು. ನಾನು ಊಟ ಮುಗಿಸಿ ಬಂದು ನೋಡಿದರೆ, ಅಷ್ಟು ಹೊಳೆಯುವ ಲ್ಯಾಬು, ಕಿಟಕಿಯಾಚೆ ಸಾಲಾಗಿ ಜಿಡ್ಡು ಚಿಂದಿ ನೇತಾಡುತ್ತಿದೆ. ನಾನು ಹಾಸ್ಟೆಲಿನ ಹುಡುಗಿ ಚಿಕ್ಕಪ್ಪ. ನಮ್ಮ ವಾರ್ಡನ್ನಿನ ಮಂತ್ರ ಒಂದೇ: ಮಡಚು, ಮುಚ್ಚು, ಮರೆಮಾಡು. ಕಾಲುಚೀಲ ನೇತಾಡಿದರೆ ಭಾನುವಾರದ ಆಟ ಬಂದ್. ನೇತಾಡುವ ಬಟ್ಟೆ ಕಂಡರೆ ನನ್ನ ಕೈ ನನ್ನನ್ನು ಕೇಳದೆ ಹೊರಡುತ್ತದೆ. ಇಪ್ಪತ್ತೆರಡನ್ನೂ ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಿ ಜೋಡಿಸಿ, ಮುಚ್ಚಿ, ಸಿಂಕಿನ ಕೆಳಗೆ ತಳ್ಳಿದೆ. ಯಾರೂ ಹೇಳದೆ ಮಾಡಿದ ಕೆಲಸ ಅಂತ ಒಳಗೊಳಗೇ ಬೀಗುತ್ತಿದ್ದೆ.

ದೊಡ್ಡವರು ಬಂದರು, ಮೇಜು ಸವರಿದರು, ಹೋದರು. ನಾಲ್ಕು ಗಂಟೆಗೆ ಗಂಬೂಟು ಮೂಗೆಳೆದ. 'ಏನೋ ಪೇಂಟ್ ಅಂಗಡಿ ವಾಸನೆ ಬರ್ತಿದೆಯಲ್ಲ?' ಬಕೆಟಮ್ಮ ಕಿಟಕಿಯಿಂದ ಕಂಬಿ ನೋಡಿದರು. ಖಾಲಿ.

'ಬಟ್ಟೆ ಎಲ್ಲಿ?'

'ನಾನೇ ಮಡಚಿಟ್ಟೆ ಮೇಡಂ' ಅಂದೆ. ಶಹಭಾಸ್ ಸಿಗುತ್ತದೆ ಅಂತ ಮುಖ ಅರಳಿಸಿಕೊಂಡು ಅಂದೆ.

ಅವರು ಕೂಗಲಿಲ್ಲ. ಕೂಗದೆ ಇದ್ದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. 'ಎಲ್ಲಿ?' ಅಂದರು. ತೋರಿಸಿದೆ. 'ಎಲ್ರೂ ಬಾಗಿಲ ಕಡೆ ಹೋಗಿ. ಓಡ್ಬೇಡಿ' ಅಂದು, ದಪ್ಪ ಕೈಗವಸು ತೊಟ್ಟು, ಪೆಟ್ಟಿಗೆಯನ್ನು ತೆರೆಯದೆ ಹಾಗೇ ಎತ್ತಿ ಅಂಗಳದ ಮಧ್ಯೆ ಇಟ್ಟರು. ಆಮೇಲೆ ನನ್ನನ್ನು ಕರೆದರು. 'ಬಾ. ಹೊರಗಡೆ ಮಾತ್ರ ಮುಟ್ಟಿ ನೋಡು. ಒಳಗೆ ಕೈ ಹಾಕ್ಬೇಡ.'

ಮುಟ್ಟಿದೆ. ಪೆಟ್ಟಿಗೆ ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿತ್ತು.

ಯಾರೂ ಕಡ್ಡಿ ಗೀರಿರಲಿಲ್ಲ. ಹತ್ತಿರದಲ್ಲಿ ಬರ್ನರ್ ಇರಲಿಲ್ಲ. ಬಕೆಟಮ್ಮ ಪೈಪ್ ಎಳೆದು ಪೆಟ್ಟಿಗೆ ತೊಯ್ದು ತೊಪ್ಪೆಯಾಗುವಷ್ಟು ನೀರು ಬಿಟ್ಟರು. ಬುಸ್ ಅಂತ ಹೊಗೆ ಎದ್ದಿತು. ರಟ್ಟು ಕಿತ್ತು ನೋಡಿದರೆ ಮೇಲಿನ ಬಟ್ಟೆಗಳಿಗೆ ಏನೂ ಆಗಿಲ್ಲ, ನಡುವಿನವು ಕಂದು ಬಣ್ಣಕ್ಕೆ ತಿರುಗಿವೆ, ಎಲ್ಲಕ್ಕಿಂತ ಒಳಗಿನ ಎರಡು ಕಪ್ಪಾಗಿ ತೂತು ಬಿದ್ದಿವೆ. ಸಿಂಕಿನ ಪಕ್ಕದ ಕಪಾಟಿನಲ್ಲಿ ಸ್ಪಿರಿಟ್ ಬಾಟಲಿಗಳಿದ್ದವು ಚಿಕ್ಕಪ್ಪ, ಎಣಿಸಿದರೆ ಮೂವತ್ತಾದರೂ ಆಗುತ್ತವೆ. ನಾನು ಅಂಗಳದ ನೆಲದ ಮೇಲೇ ಕೂತುಬಿಟ್ಟೆ.

'ಎಣ್ಣೆ ಆರೋದು ಅಂದ್ರೆ ನೀರು ಆರಿದ ಹಾಗಲ್ಲಮ್ಮ' ಅಂದರು ಬಕೆಟಮ್ಮ, ನನ್ನ ಪಕ್ಕ ನೆಲದ ಮೇಲೇ ಕೂತು. 'ನೀರು ಗಾಳಿಗೆ ಹೋಗುತ್ತೆ. ಅಗಸೆ ಎಣ್ಣೆ ಗಾಳಿನೇ ಒಳಗೆ ಎಳ್ಕೊಂಡು ಗಟ್ಟಿಯಾಗುತ್ತೆ. ಎಳ್ಕೊಳ್ಳೋವಾಗ ಬಿಸಿ ಬಿಡುತ್ತೆ. ಹರವಿಟ್ರೆ ಆ ಬಿಸಿ ಹಾರಿ ಹೋಗುತ್ತೆ. ಮಡಚಿ ಮುಚ್ಚಿಟ್ರೆ ಪಾಪ, ಎಲ್ಲಿಗೆ ಹೋಗ್ಬೇಕು ಅದು? ಒಳಗೊಳಗೇ ಕೂತು ಕೂತು ಒಂದು ಹೊತ್ತಿಗೆ ಹತ್ಕೊಂಡು ಬಿಡುತ್ತೆ. ಕಡ್ಡಿ ಬೇಡ, ಕಿಡಿ ಬೇಡ, ಸಿಗರೇಟೂ ಬೇಡ. ಅದಕ್ಕೇ ಹರವಬೇಕು, ಇಲ್ಲಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಬೇಕು.'

ಸಿಗರೇಟೂ ಬೇಡ ಅಂದರಲ್ಲ, ಆ ಮಾತು ಕೇಳಿ ನಾನು ಗೊಳೋ ಅಂತ ಅತ್ತೆ. ಕಾಲೇಜಿನಿಂದ ಹೊರಗೆ ಹಾಕುತ್ತಾರೆ ಅಂತ ಅಳುತ್ತಿದ್ದೇನೆ ಅಂದುಕೊಂಡರು ಎಲ್ಲರೂ. ಗಂಬೂಟು ತನ್ನ ಕರ್ಚೀಫ್ ಕೊಟ್ಟ. ಅದಕ್ಕೂ ಅಗಸೆ ಎಣ್ಣೆ ಮೆತ್ತಿತ್ತು. 'ಇದನ್ನ ಮಡಚಬೇಡ, ಹರವು' ಅಂದ. ಅಳುವಿನ ಮಧ್ಯೆ ನಗು ಬಂದು ಬಿಕ್ಕಳಿಕೆ ಹತ್ತಿತು.

ಬಚಾವ್ ಪುಸ್ತಕದಲ್ಲಿ ಬರೆದೆ. ಒಂದು ಪುಟ ಹಿಡಿಯಿತು. ಈ ಸೋಮವಾರ, ನಿಮಗೆ ಕಾಗದ ಶುರು ಮಾಡಿದ ದಿನವೇ, ಬಕೆಟಮ್ಮ ಅದನ್ನು ಓದಿದರು. ಕ್ಲಾಸೆಲ್ಲ ಚಪ್ಪಾಳೆ. ಫ್ಲಾಸ್ಕಿನ ಟೀ ಕುಡಿದೆ. ಮೂವತ್ತು ವರ್ಷದ ಪುಸ್ತಕದಲ್ಲಿ ಇಷ್ಟು ಚೆಂದದ ಅಕ್ಷರ ಬಂದಿರಲಿಲ್ಲ ಅಂತ ಪ್ರೊಫೆಸರು ಹೊಗಳಿದರು. 'ಸರ್, ತಪ್ಪನ್ನೂ ಅಷ್ಟೇ ಚೆಂದವಾಗಿ ಮಡಚಿದ್ಳು' ಅಂದ ಗಂಬೂಟು.

ನಾಡಿದ್ದು ಶನಿವಾರ ಮನೆಗೆ ಹೋಗುತ್ತೇನೆ. ತೂತು ಬಿದ್ದ ಬಟ್ಟೆಗಳಲ್ಲಿ ಒಂದನ್ನು ಬಕೆಟಮ್ಮ ಸೋಪು ಹಾಕಿ ತೊಳೆದು, ಒಣಗಿಸಿ, ಕವರಿನಲ್ಲಿ ಹಾಕಿ ಕೊಟ್ಟಿದ್ದಾರೆ. ಅಪ್ಪನಿಗೆ ತೋರಿಸುತ್ತೇನೆ. ಅಪ್ಪ ಅದನ್ನು ನೋಡಿ, ತಲೆ ಚಚ್ಚಿಕೊಂಡು, 'ಅಯ್ಯೋ ನನ್ನ ತಮ್ಮ' ಅಂತ ಬಸ್ ಹತ್ತಿ ನಿಮ್ಮ ಹತ್ತಿರ ಬಂದುಬಿಡುತ್ತಾರೆ. ಹೀಗೆ ಅಂದುಕೊಂಡಾಗೆಲ್ಲ ಬಸ್ಸಿನಲ್ಲಿ ಅಪ್ಪನಿಗೆ ಕಿಟಕಿ ಪಕ್ಕದ ಸೀಟೂ ಸಿಕ್ಕಿರುತ್ತದೆ.

ಫೆಬ್ರವರಿ ೧೫, ಭಾನುವಾರ ಸಂಜೆ

ಈಗತಾನೆ ಮನೆಯಿಂದ ವಾಪಸ್ಸಾದೆ. ಬಸ್ಸು ಹತ್ತಿದ್ದು ನಾನೊಬ್ಬಳೇ.

ಅಪ್ಪನ ಸಮಾಚಾರ ನಿಮಗೆ ಯಾರು ಹೇಳುತ್ತಾರೆ? ಮನೆ ಪಕ್ಕದ ಶೆಡ್ಡಿನಲ್ಲಿ ಕುರ್ಚಿ, ಕಪಾಟು ಮಾಡುತ್ತಾರೆ. ಪಾಲಿಶ್ ಮಾತ್ರ ಮಾಡುವುದಿಲ್ಲ. ಯಾರಾದರೂ ಕೇಳಿದರೆ 'ಅದು ಅವನ ಕೆಲಸ' ಅನ್ನುತ್ತಾರೆ. ಅವನು ಅಂದರೆ ಯಾರು ಅಂತ ಹೇಳುವುದಿಲ್ಲ. ಗಿರಾಕಿಗಳು ಬಣ್ಣವಿಲ್ಲದ ಕುರ್ಚಿಯನ್ನೇ ಹೊತ್ತುಕೊಂಡು ಹೋಗುತ್ತಾರೆ. ಅಮ್ಮ ಒಮ್ಮೆ ತಾನೇ ಬ್ರಷ್ ಹಿಡಿದಳಂತೆ. ಅಪ್ಪ ಅದನ್ನು ಕಿತ್ತುಕೊಂಡು ಅಟ್ಟದ ಮೇಲಿಟ್ಟರು, ಹಳೆಯ ಬ್ರಷ್‌ಗಳ ಜೊತೆಗೆ. ಅಂದರೆ ನಿಮ್ಮ ಬ್ರಷ್‌ಗಳ ಜೊತೆಗೆ. ಎಸೆದಿಲ್ಲ.

ಅಮ್ಮ ಸಂತೆಗೆ ಹೋದಾಗ ಅಪ್ಪ, ಅಜ್ಜಿ, ನಾನು ಶೆಡ್ಡಿನಲ್ಲಿದ್ದೆವು. ನಾನು ಕವರಿನಿಂದ ಬಟ್ಟೆ ತೆಗೆದು ಅಪ್ಪನ ಕೈಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದೆ.

'ಬಟ್ಟೆ ತಾನಾಗೇ ಹತ್ಕೊಳ್ತು ಅಂತೀಯಾ? ಬೆಂಕಿ ಇಲ್ದೆ ಹೊಗೆ ಬರುತ್ತೇನೇ?' ಅಂದರು.

'ಬರುತ್ತಪ್ಪ. ನಾನೇ ನೋಡಿದೆ.'

ಅಪ್ಪ ಬಟ್ಟೆಯ ತೂತಿನೊಳಗೆ ಬೆರಳು ತೂರಿಸಿದರು. ಮೂಸಿದರು. ಸೋಪಿನಲ್ಲಿ ಎಷ್ಟು ತೊಳೆದರೂ ಆ ವಾಸನೆ ಪೂರ್ತಿ ಹೋಗುವುದಿಲ್ಲವಲ್ಲ. ಅಜ್ಜಿ ಕನ್ನಡಕ ತೆಗೆದು ಒರೆಸತೊಡಗಿದಳು. ನಾನು ಮನಸ್ಸಿನಲ್ಲೇ ಬಸ್ ಟಿಕೆಟ್ ತೆಗೆದೆ.

'ಅವನು ಎಣ್ಣೆಬಟ್ಟೆನ ಹಿತ್ತಿಲ ತಂತಿ ಮೇಲೆ ಹಾಕ್ತಿದ್ದ' ಅಂದರು ಅಪ್ಪ. 'ಒಂದೊಂದೇ. ದಿನಾ.'

'ಹೌದಪ್ಪ.'

'ಹಾಗಾದ್ರೆ ಆವತ್ತು ಹಾಕಿಲ್ಲ. ಸಿಗರೇಟು ಸೇದೋ ಆತುರದಲ್ಲಿ ಮುದ್ದೆ ಮಾಡಿ ಎಲ್ಲೋ ತುರುಕಿ ಹೋಗಿದಾನೆ.' ಬಟ್ಟೆಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟರು. 'ಅಂತೂ ಅವನೇ ಆಯ್ತಲ್ಲ.'

ಅಜ್ಜಿ ಸಿಡಿದಳು. 'ನೀನು ಕಣ್ಣಾರೆ ಕಂಡ್ಯೇನೋ? ಆರು ವರ್ಷ ಸಿಗರೇಟು ಅಂದೆ, ಈಗ ಬಟ್ಟೆ ಅಂತೀಯ. ನಾಳೆ ಅವನು ಸೀನಿದ್ದಕ್ಕೆ ಹತ್ಕೊಳ್ತು ಅನ್ನು!'

'ಮತ್ತೆ ಇನ್ಯಾರಮ್ಮ? ಒಳಗಿದ್ದದ್ದು ನಾನು, ಅವನು. ನಾನು ಆ ಬಟ್ಟೆ ಮುಟ್ಟೋನಲ್ಲ.' ಆಮೇಲೆ ನನ್ನ ಕಡೆ ತಿರುಗಿದರು. 'ನೀನೂ ರಜಕ್ಕೆ ಬಂದಿದ್ದೆ. ನಿಂಗೇನಾದ್ರೂ ನೆನಪಿದ್ಯಾ ಪುಟ್ಟಿ?'

ನಾನು 'ಇಲ್ಲಪ್ಪ' ಅಂದೆ.

ಹೀಗಾಯಿತು ಚಿಕ್ಕಪ್ಪ. ನಿಮ್ಮ ತಲೆಯಿಂದ ಒಂದು ಹೊರೆ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿ ಬಂದೆ. ಸಾರಿ ಅನ್ನುವುದು ತುಂಬ ಸಣ್ಣ ಪದ, ಆದರೂ ಸಾರಿ.

ಆದರೂ ಒಂದು ಮಾತು ಹೇಳುತ್ತೇನೆ. ಇವತ್ತು ಬೆಳಗ್ಗೆ ನಾನು ಹಲ್ಲುಜ್ಜುವಾಗ ಅಪ್ಪ ಶೆಡ್ಡಿನ ಹಿಂದೆ ಎರಡು ಗೂಟ ನೆಟ್ಟು ತಂತಿ ಬಿಗಿಯುತ್ತಿದ್ದರು. 'ಯಾತಕ್ಕಪ್ಪ?' ಅಂದೆ. 'ಇರಲಿ ಅಂತ' ಅಂದರು. ಪಾಲಿಶೇ ಮಾಡದವರಿಗೆ ಆ ತಂತಿ ಯಾಕೆ ಬೇಕು, ನೀವೇ ಹೇಳಿ.

ಅಜ್ಜಿ ಬಸ್ ಸ್ಟಾಪಿನ ತನಕ ಬಂದಳು. 'ಅವನಿಗೆ ಬರೀತಿದ್ದೀಯಲ್ಲ, ನಂದೂ ಒಂದು ಸಾಲು ಸೇರಿಸು. ಬಾಯಲ್ಲಿ ಇನ್ನು ಎರಡೇ ಹಲ್ಲಿದೆ, ಅವು ಬೀಳೋದ್ರೊಳಗೆ ಬಂದ್ರೆ ನಗ್ತೀನಿ, ಆಮೇಲೆ ಬಂದ್ರೆ ಬಾಯಿ ಮುಚ್ಕೊಂಡೇ ಇರ್ತೀನಿ ಅಂತ ಬರಿ' ಅಂದಳು. ಬರೆದಿದ್ದೇನೆ. ಅವಳ ಆಶೀರ್ವಾದವನ್ನೂ ಸೇರಿಸಿದ್ದೇನೆ, ಅದನ್ನು ಅವಳು ಬಾಯಲ್ಲಿ ಹೇಳಲಿಲ್ಲ, ಬಸ್ಸು ಹೊರಟ ಮೇಲೂ ಕೈ ಎತ್ತಿಕೊಂಡೇ ನಿಂತಿದ್ದಳು.

ಮುಂದಿನ ತಿಂಗಳು ನನಗೆ ಪ್ರಾಕ್ಟಿಕಲ್ ಪರೀಕ್ಷೆ. ಒಂದೇ ಕಡ್ಡಿಯಲ್ಲಿ ಬರ್ನರ್ ಹತ್ತಲಿ ಅಂತ ಹರಸಿ. ಆರೋಗ್ಯ ನೋಡಿಕೊಳ್ಳಿ. ಅಲ್ಲಿ ದೋಣಿಗೆ ತಿಕ್ಕುವ ಎಣ್ಣೆ ಯಾವುದು ಅಂತ ನನಗೆ ಗೊತ್ತಿಲ್ಲ, ಆದರೆ ಬಟ್ಟೆ ಹರವಿ ಅಂತ ನಿಮಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ.

ನಿಮ್ಮ ಕಾಲಿಗೆರಗುವ,
ಮೊಳೆ

ತಾಜಾ ಕಲಂ, ಸೋಮವಾರ ಬೆಳಗ್ಗೆ: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಅಪ್ಪನಿಗೆ ಹೇಳಿದ ಸುಳ್ಳನ್ನೇ ನಿಮಗೂ ಪೋಸ್ಟ್ ಮಾಡಲಾರೆ.

ನನಗೆ ನೆನಪಿದೆ. ಆವತ್ತು ಮಧ್ಯಾಹ್ನ ನೀವು ವರ್ಕ್‌ಶಾಪಿನ ಹಿತ್ತಿಲಲ್ಲಿ ಸಿಗರೇಟು ಸೇದಿ, ತುಂಡನ್ನು ಕಾಲಲ್ಲಿ ಹೊಸಕಿ, ಊಟಕ್ಕೆ ಹೊರಟಿರಿ. ಅಪ್ಪ ಮುಂಬಾಗಿಲಲ್ಲಿ ಗಿರಾಕಿಯ ಜೊತೆ ಮಾತಾಡುತ್ತಿದ್ದರು. ಹಿತ್ತಿಲಲ್ಲಿ ಉಳಿದದ್ದು ನಾನೊಬ್ಬಳು. ಹಾಸ್ಟೆಲಿಗೆ ಸೇರಿದ ಮೇಲಿನ ಮೊದಲ ರಜ ಅದು. ನಾನು ಎಷ್ಟು ಶಿಸ್ತು ಕಲಿತಿದ್ದೇನೆ ಅಂತ ನಿಮಗೆ ತೋರಿಸಬೇಕಿತ್ತು. ತಂತಿಯ ಮೇಲೆ ನೀವು ಹರವಿದ್ದ ಒಂಬತ್ತು ಬಟ್ಟೆಗಳನ್ನೂ ಎಳೆದುಕೊಂಡು ಮಡಚಿ, ಒಳಗಿದ್ದ ಮರದ ಹೊಟ್ಟಿನ ಪೆಟ್ಟಿಗೆಯಲ್ಲಿ ಒತ್ತಿ, ಮುಚ್ಚಳ ಹಾಕಿದೆ. ಆಮೇಲೆ ಅಪ್ಪ ಬೀಗ ಹಾಕಿದರು, ಎಲ್ಲರೂ ಮನೆಗೆ ಹೋದೆವು. ಐದು ಗಂಟೆಗೆ ಹೊಗೆ ಕಂಡಿತು. ಮಡಚಿದ್ದನ್ನು ನಾನು ಯಾವತ್ತೂ ಮರೆತಿರಲಿಲ್ಲ. ಅದು ಬೆಂಕಿ ಅಂತ ತಿಳಿದದ್ದು ಹನ್ನೆರಡು ದಿನದ ಹಿಂದೆ.

ಇನ್ನೊಂದು ನೆನಪೂ ಇದೆ. ಎಲ್ಲರೂ ಬೆಂಕಿಯ ಕಡೆ ಓಡಿದರೆ ನೀವು ಹಿತ್ತಿಲ ಕಡೆ ಓಡಿದಿರಿ. ಖಾಲಿ ತಂತಿ ನೋಡಿದಿರಿ. ತಿರುಗಿ ನನ್ನನ್ನು ನೋಡಿದಿರಿ, ನನ್ನ ಕೈ ನೋಡಿದಿರಿ. ಊಟಕ್ಕೆ ಮುಂಚೆ ಬರೀ ನೀರಲ್ಲಿ ತೊಳೆದದ್ದು, ಮಣಿಕಟ್ಟಿನವರೆಗೆ ಎಣ್ಣೆ ಇನ್ನೂ ಹೊಳೆಯುತ್ತಿತ್ತು. ವರ್ಕ್‌ಶಾಪು ಉರಿಯುತ್ತಿರುವಾಗ ನೀವು ನನ್ನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದಿರಿ, ಉಗುರಿನ ಸಂದಿಯನ್ನೂ ಬಿಡಲಿಲ್ಲ. 'ಅಜ್ಜಿ ಹತ್ರ ಹೋಗಿ ಕೂತ್ಕೋ. ಯಾರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನು' ಅಂದಿರಿ. ಕೈ ಕೊಳೆಯಾಗಿದೆ ಅಂತ ತೊಳೆದಿರಿ ಅಂದುಕೊಂಡಿದ್ದೆ.

ನಾನು ಗೊತ್ತಿಲ್ಲ ಅನ್ನಲಿಲ್ಲ. ಹಿತ್ತಿಲಲ್ಲಿ ಯಾರಿದ್ದರು ಅಂತ ಅಪ್ಪ ಎಲ್ಲರೆದುರು ಕೇಳಿದಾಗ, 'ಚಿಕ್ಕಪ್ಪ ಸಿಗರೇಟು ಸೇದ್ತಿದ್ರು' ಅಂದೆ. ನೀವು ಒಂದು ಗಳಿಗೆ ನನ್ನ ಮುಖ ನೋಡಿ, 'ಹೌದು, ನಾನೇ ಇದ್ದೆ' ಅಂದಿರಿ.

ಬರುವ ಶನಿವಾರ ಮನೆಗೆ ಹೋಗಿ ಅಪ್ಪನಿಗೆ ಎಲ್ಲ ಹೇಳುತ್ತೇನೆ. ನೀವು ಬೇಡ ಅಂದರೂ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ವಿಷಯ ನಿಮ್ಮಿಂದಲೇ ತಿಳಿಯಬೇಕು. ನಿಮಗೆ ಆವತ್ತೇ ಗೊತ್ತಿತ್ತಾ? ದಯವಿಟ್ಟು ಬೇಗ ಉತ್ತರ ಬರೆಯಿರಿ.